ಹಿಂದಿನ ನಿರ್ವಾಹಕರು ಸಂಪರ್ಕಕ್ಕೆ ಸಿಗುವುದಿಲ್ಲ

ಪಾಸ್ತೊ, ಕೊಲಂಬಿಯಾ
4 ಏಪ್ರಿಲ್ 2016

ಮಾನ್ಯ ದೋನ್ಯಾ ನೆಲಿದಾ ಅರಾಸ್ಕಾಯೆತಾ ಅವರಿಗೆ,

ನಮಸ್ಕಾರಗಳು. ಹಿಂದಿನ ಸಲ ಪ್ರಶ್ನೆಗಳು ಸೋರಿಹೋದ ಮೇಲೆ ಪರೀಕ್ಷಾ ಸಮಿತಿ ಎಲ್ಲವನ್ನೂ ಕಾಗದದಲ್ಲೇ, ಮೊಹರು ಮಾಡಿದ ಲಕೋಟೆಯಲ್ಲೇ ಕಳಿಸಬೇಕೆಂದು ನಿಯಮ ಮಾಡಿತಲ್ಲ. ಕಂಪ್ಯೂಟರ್ ಕಲಿಸುವ ಮೇಷ್ಟ್ರು ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿರುವುದನ್ನು ನೋಡಿ ನಮ್ಮ ಸಂಸ್ಥೆಯ ಕಾವಲುಗಾರ ನಕ್ಕಿದ್ದೇ ನಕ್ಕಿದ್ದು.

ಲಿನಕ್ಸ್ ನಿರ್ವಾಹಕರ ಉನ್ನತ ದರ್ಜೆಯ ಪರೀಕ್ಷೆಯ ಪೂರ್ವಪ್ರಯೋಗ ಮುಗಿಯಿತು. ಹನ್ನೆರಡು ಮಂದಿ ಕುಳಿತಿದ್ದರು. ಹದಿನಾರು ಪ್ರಶ್ನೆಗಳು ಸರಿಯಾಗಿ ನಡೆದುಕೊಂಡಿವೆ. ನೀವು ಬರೆದ ಹದಿನೇಳನೆಯದು ಮಾತ್ರ ತಲೆಕೆಳಗಾಗಿದೆ. ನೆನಪಿಗಾಗಿ ಇಲ್ಲಿ ಬರೆಯುತ್ತೇನೆ:

"ಒಂದು ನದಿ ಮಾಪನ ಕಚೇರಿಯ ಸರ್ವರ್ ನಿಮ್ಮ ಕೈಗೆ ಬಂದಿದೆ. ಹಿಂದಿನ ನಿರ್ವಾಹಕರು ಸಂಪರ್ಕಕ್ಕೆ ಸಿಗುವುದಿಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ತೊಂಬತ್ತು ನಿಮಿಷಗಳೊಳಗೆ ಯಂತ್ರವನ್ನು ಹತೋಟಿಗೆ ತಂದು, ಹಳೆಯ ಖಾತೆಗಳನ್ನೆಲ್ಲ ಮುಚ್ಚಿ, ಸೇವೆಗಳನ್ನು ಮತ್ತೆ ನಡೆಸಿ."

ಉಳಿದೆಲ್ಲದರಲ್ಲಿ ಮುಂದಿರುವ ಮೂವರು ಇದರಲ್ಲಿ ಸೋತಿದ್ದಾರೆ. ತಡವರಿಸುವವರು ಗೆದ್ದಿದ್ದಾರೆ. ಬಲ್ಲವರನ್ನು ಬೀಳಿಸುವ ಪ್ರಶ್ನೆಯಲ್ಲಿ ಏನೋ ಕಾಯಿಲೆ ಇರುತ್ತದೆ ಎಂದು ನಮಗೆ ಕಲಿಸಿದವರು ನೀವೇ. ಆ ಮೂವರೂ ಮುಚ್ಚದೆ ಬಿಟ್ಟದ್ದು ಒಂದೇ ಖಾತೆ: 'ಎವರಿಸ್ತೊ'.

ಅವರಲ್ಲಿ ಯಾನೆತ್ ತುಲ್ಕಾನ್ ಎಂಬಾಕೆ ತೂಕೆರ್ರೆಸ್‌ನ ಹಾಲಿನ ಸಹಕಾರ ಸಂಘದ ಸರ್ವರ್ ನೋಡಿಕೊಳ್ಳುತ್ತಾಳೆ. ಪೂರ್ವಪ್ರಯೋಗದಲ್ಲಿ ಪಾಸಾದವರಿಗೂ ಪ್ರಮಾಣಪತ್ರ ಸಿಗುತ್ತದಲ್ಲ, ಅದು ಸಿಕ್ಕರೆ ಮಾತ್ರ ಅವಳ ಕೆಲಸ ಖಾಯಂ. ಕರೆದು ಕೇಳಿದೆ.

"ಎಲ್ಲಾ ಮಾಡಿದೀಯ, ಅದೊಂದು ಅಕೌಂಟ್ ಯಾಕಮ್ಮ ಮುಚ್ಚಲಿಲ್ಲ?"

"ಮುಚ್ಚಿದ್ದೆ ಮೇಷ್ಟ್ರೇ. ಆಮೇಲೆ ತೆಗೆದೆ."

"ಯಾಕೆ?"

"ಮುಚ್ಚಿದ ತಕ್ಷಣ ಯಾರೋ ಒಳಗೆ ಬರೋಕೆ ಒದ್ದಾಡ್ತಿದ್ರು. ಕೆಲಸ ಮಾಡ್ತಿರೋ ಮನುಷ್ಯನ್ನ ಆಚೆ ತಳ್ಳಿ ಚಿಲಕ ಹಾಕಿದ ಹಾಗಾಯ್ತು. ತೆಗೆಯೋ ಹೊತ್ತಿಗೆ ನೀವು ಗಂಟೆ ಬಾರಿಸಿಬಿಟ್ರಿ."

ಪರೀಕ್ಷೆಯ ಯಂತ್ರಗಳಿಗೆ ಹೊರಗಿನ ಯಾವ ಸಂಪರ್ಕವೂ ಇಲ್ಲವೆಂದು ವಿವರಿಸಿದೆ. ಭಯಕ್ಕೆ ಕಣ್ಣು ಮಂಜಾಗಿರಬೇಕು ಎಂದೆ. "ನನ್ನ ಕಣ್ಣಿಗೇನೂ ಆಗಿಲ್ಲ. ನಿಮ್ಮ ಮಿಷನ್ನಿಗೆ ಆಗಿರೋದನ್ನ ನೋಡ್ಕೊಳ್ಳಿ" ಅಂದಳು.

ಪ್ರಶ್ನೆಯ ಮಾತುಗಳನ್ನು ಸ್ವಲ್ಪ ತಿದ್ದಿದರೆ ಸರಿಹೋಗಬಹುದೇ?

ವಿಧೇಯ,
ಅಲ್ದೆಮಾರ್ ಚಮೋರೊ


ಸಾಲ್ತೊ, ಉರುಗ್ವೆ
18 ಏಪ್ರಿಲ್ 2016

ಶ್ರೀ ಚಮೋರೊ ಅವರಿಗೆ,

ನಿಮ್ಮ ಪತ್ರ ತಲುಪಿತು. ಪ್ರಶ್ನೆಯಲ್ಲಿ ದೋಷವಿಲ್ಲ. ಹನ್ನೆರಡು ಜನರ ಅಂಕಿಗಳನ್ನು ಹಿಡಿದು ಪ್ರಶ್ನೆಯೊಂದನ್ನು ರೋಗಿ ಎನ್ನುವುದು ಅವಸರವಾಗುತ್ತದೆ.

ಹಳೆಯ ಖಾತೆಯನ್ನು ತೆರೆದಿಟ್ಟು ಹೋಗುವವರು ಉನ್ನತ ದರ್ಜೆಗೆ ಯೋಗ್ಯರಲ್ಲ. ಕೆಲಸದಿಂದ ತೆಗೆದವನ ಖಾತೆಯನ್ನು ಅದೇ ಗಂಟೆಯೊಳಗೆ ಮುಚ್ಚಬೇಕು. ಅವನು ಏನು ಮಾಡುತ್ತಿದ್ದ, ಏಕೆ ಬೇಕಾಗಿತ್ತು ಎಂದು ಕೇಳುತ್ತ ಕೂರುವುದು ನಿರ್ವಾಹಕರ ಕೆಲಸವಲ್ಲ. ಅನುಕಂಪಕ್ಕೆ ಅಂಕವಿಲ್ಲ.

ಯಂತ್ರದ ಡಿಸ್ಕನ್ನು ಈ ಪರೀಕ್ಷೆಗೆಂದೇ ನಾನು ಕಲ್ಪಿಸಿ ತಯಾರಿಸಿದ್ದೇನೆ. ಅದರೊಳಗೆ ಯಾರೂ ಒದ್ದಾಡಲು ಸಾಧ್ಯವಿಲ್ಲ. ಪ್ರಶ್ನೆ ಹಾಗೆಯೇ ಇರಲಿ.

ನೆಲಿದಾ ಅರಾಸ್ಕಾಯೆತಾ
ಪ್ರಶ್ನೆ ರಚನಾ ಸಮಿತಿ


ಪಾಸ್ತೊ
5 ಮೇ 2016

ಮಾನ್ಯ ದೋನ್ಯಾ ನೆಲಿದಾ ಅವರಿಗೆ,

ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಒಂದು ಮಾತು ಅರ್ಥವಾಗಲಿಲ್ಲ. ಪ್ರಶ್ನೆಯಲ್ಲಿ ಹಿಂದಿನ ನಿರ್ವಾಹಕರು "ಸಂಪರ್ಕಕ್ಕೆ ಸಿಗುವುದಿಲ್ಲ" ಎಂದಷ್ಟೇ ಇದೆ. ಕೆಲಸದಿಂದ ತೆಗೆದಿದ್ದಾರೆ ಎಂದು ಎಲ್ಲೂ ಇಲ್ಲ. ನೀವು ಬೇರೊಂದು ಕರಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು ಎಂದುಕೊಂಡೆ.

ಯಾನೆತ್‌ಳ ಬಾಯಿ ಮುಚ್ಚಿಸಲೆಂದೇ ಶನಿವಾರ ಬೆಳಿಗ್ಗೆ ನಾನೇ ಪರೀಕ್ಷೆಗೆ ಕುಳಿತೆ. ಪ್ರಯೋಗಾಲಯದ ಬಾಗಿಲು ಹಾಕಿ, ಗೋಡೆಯಿಂದ ಬರುವ ಜಾಲದ ತಂತಿಯನ್ನು ಕಿತ್ತು ಮೇಜಿನ ಮೇಲಿಟ್ಟುಕೊಂಡೆ. ಎವರಿಸ್ತೊ ಖಾತೆಯನ್ನು ಮುಚ್ಚಿದೆ. ಒಂದು ನಿಮಿಷವೂ ಆಗಿರಲಿಲ್ಲ, ಲಾಗ್ ಕಡತದಲ್ಲಿ ಹೊಸ ಸಾಲು ಬಂತು: ಎವರಿಸ್ತೊ, ಪ್ರವೇಶ ನಿರಾಕರಣೆ, ಮೋಡೆಮ್ ದಾರಿ. ದೋನ್ಯಾ ನೆಲಿದಾ, ಈ ಯಂತ್ರದಲ್ಲಿ ಮೋಡೆಮ್ ಇಲ್ಲ. ಈ ಕಟ್ಟಡದಲ್ಲೇ ಇಲ್ಲ.

ಹನ್ನೊಂದು ಸಲ ಬಂತು. ಆಮೇಲೆ ನಿಂತಿತು. ಡಿಸ್ಕಿನ ಆ ಪ್ರತಿಯನ್ನು ಅಳಿಸಿ ಹೊಸದೊಂದನ್ನು ತೆರೆದೆ. ಹನ್ನೊಂದು. ಮೂರನೆಯದರಲ್ಲೂ ಹನ್ನೊಂದು.

ಯಾವುದೋ ಹಳೆಯ ನಿಗದಿತ ಕೆಲಸ ತಾನೇ ಓಡುತ್ತಿರಬೇಕು ಎಂದು ಹುಡುಕಿದೆ. ಏನೂ ಸಿಗಲಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ನಡುವಿನ ಅಂತರ. ಮೊದಮೊದಲು ಎಂಟು ನಿಮಿಷಕ್ಕೊಮ್ಮೆ. ಆಮೇಲೆ ಐದು, ಮೂರು. ಕೊನೆಯ ಮೂರು ಒಂದೇ ನಿಮಿಷದೊಳಗೆ. ಯಂತ್ರ ಬಡಿದರೆ ಒಂದೇ ಸಮ ಬಡಿಯುತ್ತದೆ. ಇದು ಮನುಷ್ಯ, ಅದೂ ಗಾಬರಿಯಲ್ಲಿರುವ ಮನುಷ್ಯ ಬಡಿದ ಹಾಗಿದೆ.

ಎವರಿಸ್ತೊ ಯಾರು?

ಅಲ್ದೆಮಾರ್ ಚಮೋರೊ


ಸಾಲ್ತೊ
16 ಮೇ 2016

ಶ್ರೀ ಚಮೋರೊ ಅವರಿಗೆ,

ಹೆಸರನ್ನು ದೂರವಾಣಿ ಪುಸ್ತಕದಿಂದ ಆರಿಸಿದ್ದು. ಆ ಡಿಸ್ಕಿನಲ್ಲಿ ನೀವು ಹೇಳುವ ಸಾಲುಗಳಿಲ್ಲ. ಇರಲು ಸಾಧ್ಯವೇ ಇಲ್ಲ, ಒಂದೊಂದನ್ನೂ ನಾನೇ ಕಣ್ಣಾರೆ ನೋಡಿ ತೆಗೆದಿದ್ದೇನೆ.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಕಳಿಸಿ. ಜುಲೈಯಲ್ಲಿ ಪರೀಕ್ಷೆ ಬಿಡುಗಡೆಯಾಗಬೇಕು.

ನೆ. ಅರಾಸ್ಕಾಯೆತಾ

ಹನ್ನೊಂದು ಎಂಬುದು ಖಚಿತವೇ?


ಪಾಸ್ತೊ
30 ಮೇ 2016

ದೋನ್ಯಾ ನೆಲಿದಾ,

ಖಚಿತ.

ಇಲ್ಲದ ಸಾಲುಗಳನ್ನು ತೆಗೆಯುವುದು ಹೇಗೆ ಎಂದು ಕೇಳಬೇಕೆಂದಿದ್ದೆ. ಈಗ ಕೇಳುವುದಿಲ್ಲ. ಇಲ್ಲಿ ನಡೆದದ್ದನ್ನು ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಗುರುವಾರ ಯಾನೆತ್ ಬಂದಳು. ನಾನು ಲಾಗ್‌ನ ಸಾಲುಗಳನ್ನು ತೋರಿಸಿದೆ. ಗೆದ್ದೆನೆಂಬ ಖುಷಿ ಅವಳ ಮುಖದಲ್ಲಿ ಇರಲಿಲ್ಲ.

"ತೆಗೀರಿ ಮೇಷ್ಟ್ರೇ."

"ಏನನ್ನ?"

"ಅಕೌಂಟ್. ಅಷ್ಟು ಸಲ ಬಡೀತಿದಾರೆ. ಒಂದ್ಸಲ ತೆಗೆದು ನೋಡೋಣ, ಯಾರು ಅಂತ."

ಹೊಸ ಪ್ರತಿಯಲ್ಲಿ ಮುಚ್ಚಿ, ಮೊದಲ ಬಡಿತ ಬಂದ ಕೂಡಲೇ ತೆರೆದೆವು. ಮಧ್ಯಾಹ್ನ ಮೂರು ಗಂಟೆ. ಕಿಟಕಿಯಾಚೆ ಅಂಗಳದಲ್ಲಿ ಹುಡುಗಿಯರು ವಾಲಿಬಾಲ್ ಆಡುತ್ತಿದ್ದರು, ಬಿಸಿಲು ಚೆನ್ನಾಗಿತ್ತು. ಒಳಗಿರುವವರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಎವರಿಸ್ತೊ ಎಂದು ಬಂತು. ಆಮೇಲೆ ಪರದೆಯ ಮೇಲೆ ಈ ಮಾತು:

"ಸೇಬಾಲ್ ಮೇಲ್ದಂಡೆ ಠಾಣೆ. ಮಧ್ಯಾಹ್ನ 3:05. ಮಾಪಕ 7.90. ಗಂಟೆಗೆ ಒಂದು ಮೀಟರಿನಂತೆ ಏರುತ್ತಿದೆ. ಕೆಳಗಿನ ಓಣಿಗೆ ತಿಳಿಸಿ."

ಯಾನೆತ್ "ಯಾರು ನೀವು?" ಎಂದು ಬರೆದಳು. ಅದೇ ಮಾತು ಮತ್ತೆ ಬಂತು. "ಎಲ್ಲಿದ್ದೀರಿ?" ಎಂದಳು. ಮತ್ತೆ ಅದೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇವತ್ತಿಗೆ ಐದನೆಯ ದಿನ. ಅವರು ಹೊರಗೆ ಹೋಗಿಲ್ಲ. ಏನೂ ಬರೆಯುತ್ತಿಲ್ಲ, ಸುಮ್ಮನೆ ಒಳಗಿದ್ದಾರೆ. ಯಂತ್ರ ಆರಿಸೋಣವೆಂದು ಎರಡು ಸಲ ಗುಂಡಿಯವರೆಗೆ ಕೈ ಒಯ್ದೆ. ಆಗಲಿಲ್ಲ. "ಮನೆಗೆ ಬಂದೋರನ್ನ ಮಾತಾಡಿಸದೆ ಕೂರಿಸಿದ ಹಾಗಿದೆ" ಎನ್ನುತ್ತಾಳೆ ಯಾನೆತ್. 'ಆರಿಸಬೇಡಿ' ಎಂದು ಚೀಟಿ ಅಂಟಿಸಿದ್ದಾಳೆ. ಕಸ ಗುಡಿಸುವವರು ಆ ಮೇಜಿನ ಹತ್ತಿರ ಹೋಗುವುದನ್ನು ಬಿಟ್ಟಿದ್ದಾರೆ. ನಾವು ಅವರಿಗೆ ಏನೂ ಹೇಳಿರಲಿಲ್ಲ.

ನನಗೆ ಹೆದರಿಕೆಯಾಗಿದೆ. ನಿಮ್ಮನ್ನು ಗುರುಗಳೆಂದುಕೊಂಡವನು ನಾನು. ದಯವಿಟ್ಟು ನಿಜ ಹೇಳಿ.

ಅಲ್ದೆಮಾರ್


ಸಾಲ್ತೊ
9 ಜೂನ್ 2016

ಪ್ರಿಯ ಅಲ್ದೆಮಾರ್,

ಇನ್ನು ನಿನ್ನನ್ನು ನೀನು ಎನ್ನುತ್ತೇನೆ. ಇದನ್ನು ನೀವು ಎಂದು ಬರೆಯಲು ನನ್ನಿಂದ ಆಗದು. ಫೋನಿನಲ್ಲೇ ಹೇಳಬಹುದಿತ್ತು. ನಂಬರ್ ಒತ್ತಿ, ಎರಡು ಸಲ ಇಟ್ಟುಬಿಟ್ಟೆ.

ಆ ಡಿಸ್ಕ್ ಕಲ್ಪಿತವಲ್ಲ. ಒಂಬತ್ತು ವರ್ಷಗಳ ಹಿಂದೆ ನಾನು ಸೇಬಾಲ್ ನದಿ ಮಾಪನ ಕಚೇರಿಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಇದು ಅದರದೇ ಡಿಸ್ಕ್. ಕಚೇರಿ ಮುಚ್ಚಿದಾಗ ಮನೆಗೆ ತಂದಿಟ್ಟುಕೊಂಡೆ. ಹದಿನೇಳನೆಯ ಪ್ರಶ್ನೆಗೆ ಯಂತ್ರವೊಂದು ಬೇಕಾದಾಗ, ಇಷ್ಟು ಸೊಗಸಾಗಿ ಕೆಟ್ಟ ಯಂತ್ರ ಬೇರೆಲ್ಲಿ ಸಿಗುತ್ತದೆ ಎಂದು ಅದನ್ನೇ ಬಳಸಿದೆ. ನನಗೆ ನಾನು ಹೇಳಿಕೊಂಡದ್ದು ಹಾಗೆ.

ಎವರಿಸ್ತೊ ಬೆಂತಾಂಕುರ್ ಮೇಲ್ದಂಡೆಯ ಠಾಣೆಯಲ್ಲಿದ್ದವನು. ಅಳತೆಯ ಕಂಬ ನೋಡಿ, ನದಿಯ ಮಟ್ಟವನ್ನು ಮೋಡೆಮ್ ಮೂಲಕ ಕಳಿಸುವುದು, ಸಣ್ಣಪುಟ್ಟ ರಿಪೇರಿ ಮಾಡುವುದು ಅವನ ಕೆಲಸ. ಅಲ್ಲಿಗೆ ಇದ್ದದ್ದು ಒಂದೇ ತಂತಿ, ಅದರಲ್ಲಿ ಮಾತಾಡಲು ಬರುತ್ತಿರಲಿಲ್ಲ. ಮೊಬೈಲ್ ಹಿಡಿಯುತ್ತಿರಲಿಲ್ಲ. ತಂತಿ ಹಳತಾಗಿದೆ, ಬದಲಿಸಿ ಎಂದು ಅವನು ಮೇಲಿನವರಿಗೆ ಬರೆದೂ ಬರೆದೂ ನಮ್ಮ ಮುಖ್ಯಾಧಿಕಾರಿಗೆ ಬೇಡದವನಾದ. 2007ರ ಮೇ ತಿಂಗಳ ಒಂದು ಮಧ್ಯಾಹ್ನ ಅಧಿಕಾರಿ ನನ್ನ ಬಾಗಿಲಲ್ಲಿ ತಲೆಹಾಕಿ, "ಬೆಂತಾಂಕುರ್‌ನ ತೆಗೆದಾಯ್ತು. ಅವನ ಅಕೌಂಟ್ ಈಗಲೇ ಮುಚ್ಚು. ಕಾಗದ ನಾಳೆ ಹೋಗುತ್ತೆ" ಎಂದ. ಅವನಿಗೆ ಇನ್ನೂ ವಿಷಯವೇ ಗೊತ್ತಿಲ್ಲ. ನಾನು ಮುಚ್ಚಿದೆ. ಮೂರು ಗಂಟೆ.

ಮೂರು ಗಂಟೆ ಎಂಟು ನಿಮಿಷಕ್ಕೆ ಮೊದಲ ಬಡಿತ. ನನ್ನ ಪರದೆಯ ಮೇಲೇ ಬಂತು. ನಾನು ಕುಡಿಯಲೆಂದು ಮಾಟೆ ಸೊಪ್ಪಿಗೆ ಬಿಸಿನೀರು ಹುಯ್ದುಕೊಳ್ಳುತ್ತಿದ್ದೆ. ಯಾರೋ ಸುದ್ದಿ ಮುಟ್ಟಿಸಿದ್ದಾರೆ, ಸಿಟ್ಟಿಗೆ ಹಠ ಮಾಡುತ್ತಿದ್ದಾನೆ ಎಂದುಕೊಂಡೆ. ನಾಲ್ಕನೆಯದಕ್ಕೆ ನಕ್ಕೆ ಕೂಡ. ಏಳನೆಯದಕ್ಕೆ ಪರದೆಯನ್ನು ಪಕ್ಕಕ್ಕೆ ತಿರುಗಿಸಿದೆ. ಹನ್ನೊಂದು ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಅಳಿಸುವಾಗ.

ಐದೂವರೆಗೆ ನೀರು ಸೇಬಾಲ್ ಊರಿನ ಕೆಳಗಿನ ಓಣಿಗೆ ನುಗ್ಗಿತು. ಮೂವರು ಹೋದರು. ಎವರಿಸ್ತೊ ಕುದುರೆ ಹತ್ತಿ ತಾನೇ ಹೇಳಲು ಹೊರಟಿದ್ದನಂತೆ ಕಾಣುತ್ತದೆ. ಹೊಳೆ ದಾಟುವ ಜಾಗದ ಕೆಳಗೆ ನಾಲ್ಕು ದಿನದ ಮೇಲೆ ಸಿಕ್ಕ. ವರದಿಯಲ್ಲಿ ಬರೆದದ್ದು: ಠಾಣೆಯಿಂದ ಯಾವ ಸೂಚನೆಯೂ ಬರಲಿಲ್ಲ, ನೌಕರ ಕುಡಿದು ಠಾಣೆ ಬಿಟ್ಟು ಹೋಗಿದ್ದ. ಆ ಹನ್ನೊಂದು ಸಾಲುಗಳನ್ನು ನಾನು ಅಳಿಸಿದೆ. ವರದಿಗೆ ಸಹಿ ಹಾಕಿದೆ.

ಅಳಿಸಿದ್ದು ಹೇಗೆ ಬಂತೆಂದು ನನ್ನನ್ನು ಕೇಳಬೇಡ. ಮೂಲ ಡಿಸ್ಕನ್ನು ನಿನ್ನೆ ಇಲ್ಲಿ ತೆರೆದು ನೋಡಿದೆ. ನನ್ನ ಹತ್ತಿರ ಏನೂ ಬರಲಿಲ್ಲ. ಸಂಜೆಯವರೆಗೂ ಕಾದೆ, ಅಲ್ದೆಮಾರ್. ನನ್ನ ಹತ್ತಿರ ಬರಲಿಲ್ಲ.

ಅವನ ತಂಗಿ ರಮೋನಾ ಸೇಬಾಲ್‌ನಲ್ಲೇ ಇದ್ದಾಳೆ. ನಾಡಿದ್ದು ಹೊರಡುತ್ತೇನೆ. ಯಂತ್ರ ಆರಿಸಬೇಡ.

ನೆಲಿದಾ


ಸೇಬಾಲ್
27 ಜೂನ್ 2016

ಪ್ರಿಯ ಅಲ್ದೆಮಾರ್,

ಎರಡು ವಾರದಿಂದ ಇಲ್ಲೇ ಇದ್ದೇನೆ. ಬೇಗ ಬರೆಯಬೇಕಿತ್ತು. ಕೆಲಸ ಮುಗಿಯದೆ ಬರೆಯುವುದು ಬೇಡವೆನಿಸಿತು.

ಕೆಳಗಿನ ಓಣಿ ಈಗಿಲ್ಲ. ಪ್ರವಾಹದ ಮೇಲೆ ಎಲ್ಲರಿಗೂ ದಿಬ್ಬದ ಮೇಲೆ, ಸ್ಮಶಾನದ ಪಕ್ಕದಲ್ಲಿ ಹೊಸ ಮನೆ ಕಟ್ಟಿಸಿಕೊಟ್ಟರು. ರಮೋನಾ ಬಸ್ ನಿಲ್ಲುವಲ್ಲಿ ಹಿಟ್ಟಿನ ರೊಟ್ಟಿ ಕರಿದು ಮಾರುತ್ತಾಳೆ. ದಿಬ್ಬದವರು ಅವಳ ಒಲೆಯನ್ನು ದಾಟಿಕೊಂಡು ಹೋಗಿ ಇನ್ನೊಬ್ಬಳ ಹತ್ತಿರ ಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ಹಾಗೇ.

"ಯಾರು ನೀವು?" ಅಂದಳು.

"ಕಚೇರಿಯಲ್ಲಿದ್ದವಳು. ನೆಲಿದಾ."

"ಓ. ಸಹಿ ಹಾಕಿದೋರು."

ನಿಂತಲ್ಲೇ ಎಲ್ಲ ಹೇಳಿದೆ. ಅವಳು ತಿರುಗಲಿಲ್ಲ. ಬಾಣಲೆಯಲ್ಲಿದ್ದ ರೊಟ್ಟಿ ಕರಿಯಾಗಿ ಹೊಗೆ ಬರುತ್ತಿತ್ತು, ಅದನ್ನು ತೆಗೆಯಲೂ ಇಲ್ಲ.

"ಕುಡಿದಿರ್ಲಿಲ್ಲ ಅಂತ ನಿಮ್ಗೆ ಆವತ್ತೇ ಗೊತ್ತಿತ್ತು."

"ಗೊತ್ತಿತ್ತು."

"ನಮ್ಮಮ್ಮ ಸಾಯೋವಾಗ್ಲೂ ಕೇಳಿದ್ಲು, ನಿಜವಾಗ್ಲೂ ಕುಡಿದಿದ್ನಾ ರಮೋನಾ ಅಂತ. ನಂಗೆ ಗೊತ್ತಿಲ್ಲಮ್ಮ ಅಂದೆ. ತಂಗಿಯಾಗಿ ನಾನು ಗೊತ್ತಿಲ್ಲ ಅಂದೆ."

ನಿನ್ನ ಯಂತ್ರದ ವಿಷಯವನ್ನು ಹೇಳಲು ನಾಲಿಗೆ ತಡೆಯಿತು. ಹುಚ್ಚಿ ಎಂದು ಓಡಿಸುತ್ತಾಳೆ ಎಂದುಕೊಂಡೆ. ಆದರೆ ಹೇಳಿದಾಗ ಅವಳು ಮೊದಲ ಸಲ ಕುಳಿತಳು.

"ಇನ್ನೂ ಒಳಗೇ ಇದಾನಾ?"

"ಇದ್ದಾನೆ."

"ನೀವು ಉತ್ತರ ಕೊಟ್ರಾ?"

"ಏನಂತ?"

"ಅಯ್ಯೋ, ಆಫೀಸಲ್ಲಿದ್ದವರು ನೀವು, ನನ್ನ ಕೇಳ್ತೀರಲ್ಲ! ಅಳತೆ ಕಳಿಸಿದ ಮೇಲೆ ಆ ಕಡೆಯಿಂದ 'ಸಿಕ್ಕಿತು' ಅಂತ ಬರ್ಬೇಕು. ಬರೋವರೆಗೂ ಅವನು ಕುರ್ಚಿ ಬಿಟ್ಟೋನೇ ಅಲ್ಲ. ನಾನು ಊಟ ತಗೊಂಡು ಹೋದ್ರೆ ತಣ್ಣಗಾಗ್ತಿತ್ತು. ತಡಿ ರಮೋನಾ, ಅವ್ರು ಸಿಕ್ತು ಅನ್ಲಿ, ಅಂತಿದ್ದ."

'ಸಿಕ್ಕಿತು, ಎಲ್ಲರೂ ಕ್ಷೇಮ' ಎಂದು ಬರೆಸೋಣ, ಅವನಿಗೆ ನೆಮ್ಮದಿಯಾಗುತ್ತದೆ ಎಂದೆ.

"ಸುಳ್ಳು ಬೇಡ. ಇಷ್ಟು ವರ್ಷ ಹೇಳಿದ್ದು ಸಾಕಾಗ್ಲಿಲ್ವಾ? ಸಿಕ್ತು ಅಂತ ಬರೀರಿ. ತಡ ಆಯ್ತು ಅಂತ ಬರೀರಿ. ಕೆಳಗಡೆ ನಿಮ್ಮ ಹೆಸರು ಹಾಕಿ. ಆದ್ರೆ ಅದಕ್ಕೆ ಮುಂಚೆ ಇಲ್ಲಿರೋರಿಗೆ ಹೇಳಿ."

ಹೇಳಿದೆ. ಭಾನುವಾರ ಶಾಲೆಯಲ್ಲಿ ದಿಬ್ಬದವರೆಲ್ಲ ಸೇರಿದ್ದರು. ಬರೆದುಕೊಂಡು ಹೋದದ್ದನ್ನು ಓದಿದೆ. ಓದಿ ಮುಗಿಸಿದ ಮೇಲೆ ಸೊಸೆಯನ್ನು ಕಳೆದುಕೊಂಡ ಮುದುಕ ಎದ್ದು, "ಮೊದಲ್ನೇ ಸಲ ಬಡಿದಾಗ್ಲೇ ತೆಗೆದಿದ್ರೆ ಟೈಮ್ ಇತ್ತಾ?" ಎಂದ. ಇತ್ತು ಎಂದೆ. ಟೋಪಿ ಹಾಕಿಕೊಂಡು ಹೋದ. ಅದೇ ಬರಹಕ್ಕೆ ಸಹಿ ಮಾಡಿ ಪುರಸಭೆಗೂ, ನ್ಯಾಯಾಧೀಶರಿಗೂ, ಪರೀಕ್ಷಾ ಸಮಿತಿಗೂ ಕೊಟ್ಟಿದ್ದೇನೆ. ಮುಂದಿನದು ಅವರಿಗೆ ಬಿಟ್ಟದ್ದು.

ಈಗ ನೀನು ಇದನ್ನು ಬರೆ: "ಅಳತೆ ಸಿಕ್ಕಿತು. ತಡವಾಯಿತು. ತಪ್ಪು ನನ್ನದು. ನೆಲಿದಾ."

ಅಷ್ಟೇ. ಬೇರೇನೂ ಸೇರಿಸಬೇಡ.

ನೆಲಿದಾ


ಪಾಸ್ತೊ
12 ಜುಲೈ 2016

ಪ್ರೀತಿಯ ದೋನ್ಯಾ ನೆಲಿದಾ,

ಸಮಿತಿಯ ಕಾಗದ ಬಂದಿದೆ. ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾರೆ. ಹದಿನೇಳನೆಯ ಪ್ರಶ್ನೆಯನ್ನು ಕೈಬಿಟ್ಟು, ಉಳಿದ ಹದಿನಾರರ ಮೇಲೆ ಅಂಕ ಕೊಡಲು ಹೇಳಿದ್ದಾರೆ. ಯಾನೆತ್ ಪಾಸಾದಳು. ಹೇಳಿದಾಗ "ಹೌದಾ" ಎಂದಳು, ಅಷ್ಟೇ.

ನಿನ್ನೆ ಬೆಳಿಗ್ಗೆ ನಿಮ್ಮ ಪತ್ರ ಸಿಕ್ಕಿತು. ಮಧ್ಯಾಹ್ನ ಅವಳು ಬಸ್ಸಿನಲ್ಲಿ ಬರುವವರೆಗೂ ಕಾದೆ. ಒಬ್ಬನೇ ಬರೆಯಲು ಧೈರ್ಯವಾಗಲಿಲ್ಲ. ಎವರಿಸ್ತೊ ಒಳಗೇ ಇದ್ದರು. ನೀವು ಹೇಳಿದ್ದನ್ನು ಅಕ್ಷರ ಬಿಡದೆ ಬರೆದೆ.

ಇದಕ್ಕೂ ಹಳೆಯ ಮಾತೇ ಬರುತ್ತದೆ ಎಂದುಕೊಂಡಿದ್ದೆವು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ, ನಿಧಾನವಾಗಿ ಟೈಪ್ ಮಾಡುವವರ ಹಾಗೆ, ಒಂದೊಂದೇ ಅಕ್ಷರವಾಗಿ ಬಂತು:

"ಕೆಳಗಿನ ಓಣಿಯವರು?"

ಇದಕ್ಕೆ ನೀವು ಉತ್ತರ ಕಳಿಸಿರಲಿಲ್ಲ. ನೀವು ಉಳಿದುಕೊಂಡಿರುವ ಮನೆಗೆ ಫೋನ್ ಮಾಡಿದೆ, ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಪರದೆಯ ಮೇಲೆ ಅದೇ ಪ್ರಶ್ನೆ ಮತ್ತೆ ಬಂತು. ಮತ್ತೆ. ನಡುವಿನ ಅಂತರ ಕಡಿಮೆಯಾಗುತ್ತಿತ್ತು.

"ಮೂವರು ಹೋದ್ರು ಅಂತ ಹೇಗಮ್ಮ ಬರೀಲಿ?" ಎಂದೆ. "ಸುಳ್ಳು ಬೇಡ ಅಂದಿದ್ದಾರೆ."

ಯಾನೆತ್ ನಿಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಓದಿದಳು. "ಸರೀರಿ ಮೇಷ್ಟ್ರೇ" ಎಂದು ನನ್ನ ಕುರ್ಚಿಯಲ್ಲಿ ಕುಳಿತು ಬರೆದಳು:

"ಕೆಳಗಿನ ಓಣಿಯಲ್ಲಿ ಈಗ ಯಾರೂ ಇಲ್ಲ. ಎಲ್ಲರೂ ದಿಬ್ಬದ ಮೇಲಿದ್ದಾರೆ."

ನಾನು ಅವಳ ಮುಖ ನೋಡಿದೆ. "ಸುಳ್ಳೇನು ಬರೆದೆ?" ಅಂದಳು. "ಹೊಸ ಮನೆಗಳೂ ಅಲ್ಲೇ, ಸ್ಮಶಾನವೂ ಅಲ್ಲೇ." ಅವಳ ಕಣ್ಣಲ್ಲಿ ನೀರಿತ್ತು.

ಪರದೆಯ ಮೇಲೆ "ಸರಿ" ಎಂದು ಬಂತು. ಅದರ ಕೆಳಗೆ ಇನ್ನೊಂದು ಸಾಲು: "ಹಾಗಾದರೆ ನಾನೂ ಹೊರಡುತ್ತೇನೆ."

ಒಳಗಿರುವವರ ಪಟ್ಟಿಯಲ್ಲಿ ನನ್ನ ಹೆಸರೊಂದೇ ಉಳಿಯಿತು. ಆಮೇಲೆ ಯಾನೆತ್ ಚೀಟಿಯನ್ನು ಕಿತ್ತು ಮಡಿಸಿ ಜೇಬಿನಲ್ಲಿಟ್ಟುಕೊಂಡಳು, ನಾನು ಯಂತ್ರ ಆರಿಸಿದೆ.

ಅಲ್ದೆಮಾರ್